ಒಂದು ಬುಗ್ಗೆ ಪುಣ್ಯತೀರ್ಥವಾದದ್ದು ಹೇಗೆ? ಜಾಡು ಹಿಡಿಯುವ ಬಗೆ

ರೋಗ ವಾಸಿಮಾಡುವ ನೀರು, ಮಣ್ಣು ಎಂದು ಯಾರಾದರೂ ಹೇಳಿದರೆ ನಾನು ‘ನಿಜವಾ?’ ಎಂದು ಕೇಳುವುದಿಲ್ಲ, ‘ಯಾವಾಗಿನಿಂದ?’ ಎನ್ನುತ್ತೇನೆ. ನೀವೂ ಮೊದಲು ಇಸವಿಗಳನ್ನು ಸಾಲಾಗಿ ಬರೆದುಕೊಳ್ಳಿ.

ಕೈ ಪಳಗಿಸಿಕೊಳ್ಳಲು ಫ್ರಾನ್ಸಿನ ಲೂರ್ದ್ ಸಾಕು. 1858ರ ಫೆಬ್ರವರಿಯಲ್ಲಿ ಸೌದೆ ಆಯಲು ಹೋದ 14 ವರ್ಷದ ಬರ್ನಾಡೆಟ್‌ಗೆ ಗುಹೆಯೊಂದರಲ್ಲಿ ಮೇರಿ ಮಾತೆಯ ದರ್ಶನವಾಯಿತಂತೆ. ಎರಡು ವಾರದ ಮೇಲೆ ಅವಳು ಅಲ್ಲೇ ಕೆಸರು ಕೆದಕಿದಾಗ ನೀರು ಒಸರಿತು. 1862ರಲ್ಲಿ ಬಿಷಪ್ಪರ ಒಪ್ಪಿಗೆ, 1866ರಲ್ಲಿ ರೈಲು, 1883ರಲ್ಲಿ ವಾಸಿಯಾದವರನ್ನು ಪರೀಕ್ಷಿಸುವ ವೈದ್ಯರ ಕಚೇರಿ. ನೀರನ್ನು ಪರೀಕ್ಷಿಸಿದರೆ ಕುಡಿಯುವ ಮಾಮೂಲಿ ನೀರು! ವಾಸಿಯಾಯಿತೆಂದು ಹೇಳಿಕೊಂಡವರು ಸಾವಿರಾರು ಮಂದಿ, ಚರ್ಚ್ ಪವಾಡವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು. ಆ ಜಿಪುಣತನವೇ ಲೂರ್ದಿನ ಮರ್ಯಾದೆಯನ್ನು ಹೆಚ್ಚಿಸಿದೆ ಅಂತ ನನ್ನ ಅನಿಸಿಕೆ.

ಆಮೇಲೆ, ಆ ನೆಲದಲ್ಲಿ ಕಣ್ಣಿಗೆ ಬೀಳುವ ವಿಚಿತ್ರ ಏನಿದೆ ನೋಡಿ. ಇಂಗ್ಲೆಂಡಿನ ಬಾತ್‌ನಲ್ಲಿ 46 ಡಿಗ್ರಿ ಬಿಸಿಯ ನೀರು ದಿನಕ್ಕೆ 10 ಲಕ್ಷ ಲೀಟರಿಗೂ ಮಿಕ್ಕಿ ಉಕ್ಕುತ್ತದೆ. ಸ್ಥಳೀಯರಿಗೆ ಅದು ಸುಲಿಸ್ ದೇವಿ. ರೋಮನ್ನರು ಬಂದು ಅವಳನ್ನು ತಮ್ಮ ದೇವತೆ ಮಿನರ್ವಾ ಜೊತೆ ಸೇರಿಸಿಕೊಂಡರು. ‘ನನ್ನ ಬಟ್ಟೆ ಕದ್ದವನನ್ನು ಬಿಡಬೇಡ’ ಎಂಬಂಥ ಶಾಪಗಳನ್ನು ಸೀಸದ ತಗಡಿನ ಮೇಲೆ ಗೀಚಿ ಅದೇ ನೀರಿಗೆ ಎಸೆದದ್ದೂ ಸಿಕ್ಕಿದೆ. ವಾಸಿಮಾಡುವ ದೇವರಿಗೆ ಪೊಲೀಸ್ ಕೆಲಸವೂ ಇತ್ತು.

ಇನ್ನು ಅಲ್ಲಿನ ಕಟ್ಟುಪಾಡು. ಇದನ್ನು ಮಾತ್ರ ಅವಸರದಲ್ಲಿ ದಾಟಬೇಡಿ. ಪ್ರಾಚೀನ ಗ್ರೀಸಿನ ಎಪಿಡೌರಸ್‌ನಲ್ಲಿ ರೋಗಿ ಮೀಯಬೇಕಿತ್ತು, ಬಲಿ ಕೊಡಬೇಕಿತ್ತು, ಆಮೇಲೆ ವೈದ್ಯದೇವತೆ ಅಸ್ಕ್ಲೇಪಿಯಸ್ ಕನಸಿನಲ್ಲಿ ಬರಲಿ ಎಂದು ಗುಡಿಯ ಆವರಣದಲ್ಲಿ ಮಲಗಬೇಕಿತ್ತು. ಹಿಂದೆ ವಾಸಿಯಾದವರ ಕಥೆಗಳನ್ನು ಕಲ್ಲಿನಲ್ಲಿ ಕೆತ್ತಿ ಅಲ್ಲೇ ನಿಲ್ಲಿಸಿದ್ದರು. ಅದನ್ನೆಲ್ಲ ಓದಿ, ಓದಿಸಿ ಕೇಳಿ ಮಲಗಿದವನಿಗೆ ಎಂಥ ಕನಸು ಬಿದ್ದೀತು, ಊಹಿಸಿ.

ಕೊನೆಗೆ, ವಸ್ತು ಮುಗಿದರೆ ಏನು ಮಾಡುತ್ತಾರೆಂದು ವಿಚಾರಿಸಿ. ಅಮೆರಿಕದ ನ್ಯೂ ಮೆಕ್ಸಿಕೋದ ಚಿಮಾಯೋದಲ್ಲಿ ಭಕ್ತರು ರೋಗ ವಾಸಿಯಾಗುತ್ತದೆಂದು ಚರ್ಚಿನ ಗುಂಡಿಯಿಂದ ಮಣ್ಣು ಒಯ್ಯುತ್ತಾರೆ. ಚರ್ಚಿನವರು ಹೊರಗಿನಿಂದ ಮಣ್ಣು ತಂದು ತುಂಬುತ್ತಾರೆ, ಆ ವಿಷಯವನ್ನು ಗುಟ್ಟು ಮಾಡುವುದೂ ಇಲ್ಲ. ಅಂದರೆ ಮಹಿಮೆ ಇರುವುದು ಆ ಗುಂಡಿಗೆ.

ಭೂಗೋಳ ತಜ್ಞ ವಿಲ್ಬರ್ಟ್ ಗೆಸ್ಲರ್ 1992ರಿಂದ ಇಂಥ ಜಾಗಗಳ ಬಗ್ಗೆ ಬರೆದಿದ್ದಾರೆ, ಹುಡುಕಿ ಓದಿ. ಹೋಗಿಯೇ ನೋಡುವುದಾದರೆ ಬಿಸಿ ಬುಗ್ಗೆಯಲ್ಲಿ ಮೂಗಿಗೆ ನೀರು ಹೋಗದಂತೆ ತಲೆ ಮೇಲೆತ್ತಿಕೊಂಡಿರಿ: ಬಾತ್‌ನ ನೀರಿನ ಅಮೀಬಾದಿಂದ 1978ರಲ್ಲಿ ಒಬ್ಬ ಹುಡುಗಿ ಸತ್ತಿದ್ದಳು.