'ಯಾವ ಚೀಲ?': ಮಲಾವಿಯಲ್ಲಿ ನನ್ನ ನಾಲ್ಕು ವರ್ಷ

ನಾನು ಹಾವೇರಿ ಕಡೆಯವನು. ಗೋವಿನಜೋಳದ ರಾಶಿ ನೋಡುತ್ತಲೇ ಬೆಳೆದವನು. ಧಾರವಾಡದಲ್ಲಿ ಕೃಷಿ ಅರ್ಥಶಾಸ್ತ್ರ ಓದಿ, 2015ರಲ್ಲಿ ಕೆಲಸಕ್ಕೆಂದು ಆಫ್ರಿಕಾದ ಮಲಾವಿಗೆ ಹೋದೆ. ಅಲ್ಲೂ ಅದೇ ಬೆಳೆ. ಹೆಸರು ಮಾತ್ರ ಚಿಮಾಂಗಾ. 'ಚಿಮಾಂಗಾ ನ್ದಿ ಮೋಯೋ' ಅನ್ನುತ್ತಾರೆ, ಗೋವಿನಜೋಳವೇ ಜೀವ ಅಂತ. ಅದರ ಹಿಟ್ಟು ತೊಳಸಿ ಮಾಡುವ ನ್ಸೀಮಾ ನೋಡೋಕೆ ಥೇಟ್ ನಮ್ಮ ಮುದ್ದೆ. ಬೇರೆ ಏನು ತಿಂದರೂ ನ್ಸೀಮಾ ಇಲ್ಲದಿದ್ದರೆ ಅವರಿಗೆ ಊಟ ಆದ ಹಾಗಲ್ಲ.

ನನ್ನ ಕೆಲಸ ಇದ್ದದ್ದು ರಾಜಧಾನಿ ಲಿಲೊಂಗ್ವೆಯಲ್ಲಿ, ಒಂದು ಸಣ್ಣ ಸಂಶೋಧನಾ ತಂಡದ ಜೊತೆ. ಕೃಷಿ ನೀತಿ ಮಾಡುವವರ ಕೈಗೆ ಸರಿಯಾದ ಮಾಹಿತಿ ಸರಿಯಾದ ಹೊತ್ತಿಗೆ ಸಿಗಬೇಕು. ಅದಕ್ಕಾಗಿ ಸಂಶೋಧಕರು, ಅಂಕಿಅಂಶದವರು, ಇಲಾಖೆ ಅಧಿಕಾರಿಗಳು, ರೈತ ಸಂಘದವರು, ಇವರನ್ನೆಲ್ಲ ಒಂದು ಜಾಲವಾಗಿ ಹೆಣೆಯಬೇಕು. ಇದು ನಮ್ಮೊಬ್ಬರ ಯೋಚನೆ ಅಲ್ಲ. 2003ರಲ್ಲಿ ಮೊಜಾಂಬಿಕ್‌ನ ಮಪುಟೊದಲ್ಲಿ ಸೇರಿದ ಆಫ್ರಿಕಾದ ನಾಯಕರು ಬಜೆಟ್ಟಿನ ಶೇ. 10ರಷ್ಟನ್ನು ಕೃಷಿಗೆ ಕೊಡುತ್ತೇವೆ ಅಂತ ಮಾತು ಕೊಟ್ಟರು. ಆ ಹಣ ಎಲ್ಲಿ ಹೋಯಿತು, ಏನು ಫಲ ಕೊಟ್ಟಿತು ಅಂತ ನೋಡಲು 2006ರಲ್ಲಿ 'ರೀಸ್ಯಾಕ್ಸ್' ಅನ್ನೋ ಜಾಲ ಶುರುವಾಯಿತು. ಇಬಾದಾನ್, ನೈರೋಬಿ, ಪ್ರಿಟೋರಿಯಾಗಳಲ್ಲಿ ಅದಕ್ಕೆ ಕೇಂದ್ರಗಳಿದ್ದವು. ಅದೇ ಕೆಲಸ ಒಂದೊಂದು ದೇಶದ ಒಳಗೂ ಆಗಬೇಕಿತ್ತು.

ಮಲಾವಿಯಲ್ಲಿ ಇದು ಯಾಕೆ ಅಷ್ಟು ಮುಖ್ಯ ಅಂದರೆ, ಒಂದು ಅಂಕಿ ಅಲ್ಲಿ ಜನರ ಹೊಟ್ಟೆಗೇ ತಟ್ಟುತ್ತದೆ. 2005ರ ಬರದ ನಂತರ ಸರ್ಕಾರ ದೊಡ್ಡ ಸಬ್ಸಿಡಿ ಶುರು ಮಾಡಿತು. ಕೂಪನ್ ಸಿಕ್ಕ ಕುಟುಂಬಕ್ಕೆ 50 ಕೆಜಿಯ ಎರಡು ಚೀಲ ಗೊಬ್ಬರ, ಜೊತೆಗೆ ಬೀಜ. 2007ರಲ್ಲಿ ಸುಮಾರು 34 ಲಕ್ಷ ಟನ್ ಬೆಳೆ ಬಂದಿದೆ ಅಂತ ಸರ್ಕಾರಿ ಅಂದಾಜು ಹೇಳಿತು. ದೇಶಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಜಿಂಬಾಬ್ವೆಗೆ ರಫ್ತೂ ಆಯಿತು. ಮರುವರ್ಷ ನೋಡಿದರೆ ದೇಶದ ಒಳಗೇ ಬೆಲೆ ಏರಿ ಕೂತಿತು. 2007ರ ಅದೇ ಹಂಗಾಮಿಗೆ ಕೃಷಿ ಗಣತಿ ಕೊಟ್ಟ ಲೆಕ್ಕ ಬಹಳ ಕಡಿಮೆ ಇತ್ತು. ನಾನು ಹೋಗುವ ಹೊತ್ತಿಗೆ ಇದು ಹಳೆಯ ಕಥೆ. ಆದರೂ ಯಾವ ಸಭೆಗೆ ಹೋದರೂ ಯಾರಾದರೂ ಒಬ್ಬರು ಅದನ್ನು ನೆನೆಸುತ್ತಿದ್ದರು.

ಮೊದಲ ವರ್ಷ ನಾವು ಕಂಪ್ಯೂಟರಿನಲ್ಲಿ ಒಂದು ದೊಡ್ಡ ಮಾಹಿತಿ ಭಂಡಾರ ಕಟ್ಟಿದೆವು. ಮಳೆ, ಬೆಲೆ, ಇಳುವರಿ ಎಲ್ಲ ಒಂದೇ ಕಡೆ. ಯಾರೂ ಅದನ್ನು ತೆರೆದು ನೋಡಲಿಲ್ಲ. ಹನ್ನೊಂದು ತಿಂಗಳ ಕೆಲಸ ಅದು. ನನಗೆ ನಿಜಕ್ಕೂ ಬೇಜಾರಾಯಿತು.

ಎರಡನೇ ವರ್ಷ ಕೊಯ್ಲಿನ ಸಮಯದಲ್ಲಿ ಬೇರೆ ದಾರಿ ಹಿಡಿದೆವು. ಬಜೆಟ್ ಬರೆಯುವ ಒಬ್ಬ ಅಧಿಕಾರಿಯನ್ನು, ಅಂಕಿಅಂಶದ ಒಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಡೆಡ್ಜಾ ಜಿಲ್ಲೆಗೆ ಹೊರಟೆವು. ಅಲ್ಲಿ ಬೆಳೆ ಅಂದಾಜು ಬರೆಯುವುದು ಊರಿನ ಕೃಷಿ ಸಹಾಯಕರು. ನಮ್ಮ ಜೊತೆ ಬಂದ ಸಹಾಯಕಿಯ ಪಾಲಿಗೆ ಎರಡು ಸಾವಿರಕ್ಕೂ ಜಾಸ್ತಿ ಮನೆಗಳಿದ್ದವು. ಬೈಕಿಗೆ ಪೆಟ್ರೋಲ್ ಸಿಗದ ತಿಂಗಳು ಏನು ಮಾಡುತ್ತೀರಿ ಅಂತ ಕೇಳಿದೆ. "ನಡೆದು ಹೋಗುವಷ್ಟು ದೂರ ಹೋಗ್ತೀನಿ, ಉಳಿದದ್ದನ್ನು ಹೋದ ವರ್ಷದ ಲೆಕ್ಕ ನೋಡಿ ಬರೀತೀನಿ" ಅಂದರು. ಮುಚ್ಚಿಡದೆ ಹೇಳಿದರಲ್ಲ, ಆ ಧೈರ್ಯಕ್ಕೆ ನಾನು ಇವತ್ತಿಗೂ ಋಣಿ.

ಒಂದು ಮನೆಯ ಮುಂದೆ ನಿಂತೆವು. ಅಂಗಳದಲ್ಲಿ ಬಿದಿರಿನ ನ್ಖೋಕ್ವೆ. ನಮ್ಮ ಕಡೆಯ ಕಣಜವೇ, ಮೇಲೊಂದು ಹುಲ್ಲಿನ ಟೊಪ್ಪಿಗೆ ಅಷ್ಟೆ. 'ಅಮಾಯಿ, ಎಷ್ಟು ಚೀಲ ಆಯಿತು?' ಅಂತ ಸಹಾಯಕಿ ಕೇಳಿದರು. ಅಮಾಯಿ ಅಂದರೆ ಅಮ್ಮ. ಆ ತಾಯಿ ಆರು ಅಂದರು. ಕಣಜ ನೋಡಿದರೆ ಆರಕ್ಕಿಂತ ಜಾಸ್ತಿ ಇದ್ದ ಹಾಗಿತ್ತು. ಸಹಾಯಕಿ ಪಕ್ಕದಲ್ಲೇ ಕೂತು ನಿಧಾನವಾಗಿ ಮಾತಾಡಿಸಿದರು. ಆಗ ಒಂದೊಂದೇ ಹೊರಗೆ ಬಂತು. ಆರು ಅಂದಿದ್ದು ಬಿಡಿಸಿಟ್ಟ ಕಾಳಿನ ಲೆಕ್ಕ, ತೆನೆ ಇನ್ನೂ ಕಣಜದಲ್ಲಿತ್ತು. ಅವರ ಚೀಲ 90 ಕೆಜಿಯ ಹಳೆಯ ಚೀಲ, ನಮ್ಮ ಫಾರಂನಲ್ಲಿದ್ದದ್ದು 50 ಕೆಜಿಯದು. ಹಸಿವಿನ ತಿಂಗಳು ಫೆಬ್ರವರಿಯಲ್ಲಿ ಹಸಿ ತೆನೆ ಕಿತ್ತು ಸುಟ್ಟು ತಿಂದದ್ದು ಯಾವ ಲೆಕ್ಕದಲ್ಲೂ ಇರಲಿಲ್ಲ. ಜೊತೆಗೆ, ನಾವು ಗೊಬ್ಬರದ ಕೂಪನ್ ಪಟ್ಟಿ ಬರೆಯೋಕೆ ಬಂದವರು ಅಂತ ಅವರು ತಿಳಿದಿದ್ದರು. ಜಾಸ್ತಿ ಹೇಳಿದರೆ ಹೆಸರು ಬಿಟ್ಟುಹೋದೀತು ಅನ್ನೋ ಭಯ. ಹಾವೇರಿಯಲ್ಲೂ ಹಾಗೇ ಅಲ್ವಾ? ಬರ ಪರಿಹಾರದ ಪಟ್ಟಿ ಹಿಡಿದವರ ಮುಂದೆ ಯಾರು ತಾನೇ ಪೂರ್ತಿ ರಾಶಿ ತೋರಿಸುತ್ತಾರೆ?

ವಾಪಸ್ ಬರುವಾಗ ಬಜೆಟ್ ಅಧಿಕಾರಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಹಾಗಾದರೆ ನನ್ನ ಹಾಳೆಯಲ್ಲಿರೋದು ಯಾವ ಚೀಲ?"

ನಮ್ಮ ಜಾಲ ಶುರುವಾದದ್ದು ಆ ಪ್ರಶ್ನೆಯಿಂದ. ತಿಂಗಳಿಗೊಂದು ಗುರುವಾರ ಮಧ್ಯಾಹ್ನ ಎಂಟು ಜನ ಸೇರತೊಡಗಿದೆವು. ದೊಡ್ಡ ಹೋಟೆಲ್ ಇಲ್ಲ, ಬ್ಯಾನರ್ ಇಲ್ಲ, ಭತ್ಯೆಯೂ ಇಲ್ಲ. ನ್ಸೀಮಾ, ಸೊಪ್ಪು, ಕೆರೆಮೀನು ಊಟ ಮಾಡಿ ಕೂರುತ್ತಿದ್ದೆವು. ಯಾರಾದರೂ ಒಂದು ಅಂಕಿ ಹೇಳಿದ ಕೂಡಲೇ ಇನ್ನೊಬ್ಬರು 'ಯಾವ ಚೀಲ?' ಅನ್ನುತ್ತಿದ್ದರು. ಅಂದರೆ ಯಾರು ಅಳೆದದ್ದು, ಯಾವಾಗ, ಹೇಗೆ? ಒಂದೇ ಒಂದು ನಿಯಮ ಇಟ್ಟುಕೊಂಡಿದ್ದೆವು. ಅಳೆದವರಿಗೆ ತೋರಿಸದೆ ಅವರ ಅಂಕಿಯ ಮೇಲೆ ಏನನ್ನೂ ಪ್ರಕಟಿಸಬಾರದು. ಇದರಿಂದ ಕೆಲವು ವರದಿ ತಡವಾದವು. ಆದರೆ ಇಲಾಖೆಯವರಿಗೆ ಪತ್ರಿಕೆಯಲ್ಲಿ ಓದಿ ಮುಜುಗರ ಆಗೋದು ನಿಂತಿತು. ಫೋನ್ ಮಾಡಿದರೆ ಎತ್ತತೊಡಗಿದರು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಫಲಿತಾಂಶ ಬೇರೆ ಇರಲಿಲ್ಲ.

ಇನ್ನೊಂದು ಪಾಠ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿತ್ತು. ಮಲಾವಿಗೆ ಸಮುದ್ರ ಇಲ್ಲ. ಗೊಬ್ಬರ ಪಕ್ಕದ ದೇಶಗಳ ಬೆಯ್ರಾ, ನಕಾಲಾ, ದಾರ್ ಎಸ್ ಸಲಾಮ್ ಬಂದರಿಗೆ ಬಂದು ಅಲ್ಲಿಂದ ಒಳನಾಡಿಗೆ ಬರಬೇಕು. ಬಿತ್ತನೆ ನವೆಂಬರ್, ಡಿಸೆಂಬರ್‌ನಲ್ಲಿ. ಆಗಿನ ಆರ್ಥಿಕ ವರ್ಷ ಜುಲೈನಿಂದ. ಇದನ್ನೆಲ್ಲ ಕ್ಯಾಲೆಂಡರಿನಲ್ಲಿ ಹಿಂದಿನಿಂದ ಎಣಿಸಿ ನೋಡಿದರೆ, ಗೊಬ್ಬರದ ಬಗ್ಗೆ ನಮ್ಮ ಮಾತು ಏಪ್ರಿಲ್ ಒಳಗೆ ತಲುಪಬೇಕಿತ್ತು. ನಮ್ಮ ಒಳ್ಳೊಳ್ಳೆಯ ವರದಿಗಳೆಲ್ಲ ಹೊರಬರುತ್ತಿದ್ದದ್ದು ಸೆಪ್ಟೆಂಬರ್‌ನಲ್ಲಿ! ಆಮೇಲೆ ಅರವತ್ತು ಪುಟದ ವರದಿಗೆ ಮೊದಲೇ ಎರಡು ಪುಟದ ಟಿಪ್ಪಣಿ ಕೊಡತೊಡಗಿದೆವು. ಎಷ್ಟು ಖಚಿತ, ಎಷ್ಟು ಅನುಮಾನ ಅನ್ನೋದನ್ನೂ ಅದರಲ್ಲೇ ಬರೆಯುತ್ತಿದ್ದೆವು.

2017ರಲ್ಲಿ ದೇಶಗಳ ಕೃಷಿ ಪ್ರಗತಿ ನೋಡುವ ಆಫ್ರಿಕನ್ ಒಕ್ಕೂಟದ ಮೊದಲ ಪರಿಶೀಲನೆಗೆ ಮಾಹಿತಿ ತುಂಬುವ ಕೆಲಸ ಬಂತು. ಆಫ್ರಿಕಾದ ನಾಯಕರು 2014ರಲ್ಲಿ ಮಲಾಬೊದಲ್ಲಿ ಮಾಡಿದ ಕೃಷಿ ಘೋಷಣೆಯಂತೆ ಒಟ್ಟು 43 ಸೂಚಕಗಳು. ಹಲವು ಖಾನೆಗಳಿಗೆ ಉತ್ತರವೇ ಇರಲಿಲ್ಲ. ಖಾಲಿ ಬಿಡೋಣ, ಊಹಿಸಿ ತುಂಬೋದು ಬೇಡ ಅಂತ ಗುರುವಾರದ ಗುಂಪು ಹಟ ಹಿಡಿಯಿತು. 2018ರ ಜನವರಿಯಲ್ಲಿ ಬಂದ ಫಲಿತಾಂಶದಲ್ಲಿ ವರದಿ ಕೊಟ್ಟ 47 ದೇಶಗಳ ಪೈಕಿ 20 ಸರಿದಾರಿಯಲ್ಲಿದ್ದವು, ರುವಾಂಡಾ ಮೊದಲನೆಯದು. ಖಾಲಿ ಖಾನೆಗಳ ಪಟ್ಟಿಯೇ ಮುಂದೆ ನಮ್ಮ ಕೆಲಸದ ಪಟ್ಟಿ ಆಯಿತು.

ಅಷ್ಟರಲ್ಲಿ ಹುಳು ಬಂದಿತ್ತು. ಅಮೆರಿಕ ಖಂಡದ ಲದ್ದಿ ಹುಳು, ಫಾಲ್ ಆರ್ಮಿವರ್ಮ್. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡು ಬೇಗನೆ ಇಡೀ ಖಂಡಕ್ಕೆ ಹರಡಿತು. 2017ರ ಡಿಸೆಂಬರ್‌ನಲ್ಲಿ ಮಲಾವಿಯ 20 ಜಿಲ್ಲೆಗಳನ್ನು ವಿಪತ್ತಿನ ಜಿಲ್ಲೆಗಳೆಂದು ಘೋಷಿಸಿದರು. ಸುಳಿಯೆಲ್ಲ ಜಾಲರಿ ಆಗಿ, ಲದ್ದಿ ತುಂಬಿದ ಗಿಡ ನೋಡಿದರೆ ಎದೆ ಒಡೆಯುತ್ತದೆ. ಘಾನಾ, ಜಾಂಬಿಯಾದ ರೈತರನ್ನು ಕೇಳಿ ಮಾಡಿದ ಅಂದಾಜಿನಲ್ಲಿ ನಷ್ಟ ಶೇ. 40ರ ಆಸುಪಾಸು ಇತ್ತು. ನಮ್ಮ ಗುಂಪು ಅಲ್ಲೂ ಅದೇ ಪ್ರಶ್ನೆ ಕೇಳಿತು. ಎಲೆ ನೋಡಿ ಹೇಳಿದ್ದೋ, ಕಾಳು ತೂಗಿ ಹೇಳಿದ್ದೋ? ಎಲೆ ಹರಿದ ಗಿಡವೂ ಎಷ್ಟೋ ಸಲ ಚೇತರಿಸಿಕೊಂಡು ತೆನೆ ಕೊಡುತ್ತದೆ. ಮುಂದೆ ಜಿಂಬಾಬ್ವೆಯ ಹೊಲಗಳಲ್ಲಿ ಅಳೆದಾಗ ನಷ್ಟ ಶೇ. 12ರ ಹತ್ತಿರ ಬಂತು. ಎಷ್ಟು ಕೀಟನಾಶಕ ಕೊಳ್ಳಬೇಕು ಅನ್ನೋ ಲೆಕ್ಕವೇ ಇದರಿಂದ ಬದಲಾಗುತ್ತದೆ.

2018ರ ಮೇನಲ್ಲಿ ಶಿವಮೊಗ್ಗದಿಂದ ನನ್ನ ಓದಿನ ದಿನಗಳ ಗೆಳೆಯ ಒಂದು ಫೋಟೊ ಕಳಿಸಿದ. "ಇದು ಯಾವ ಹುಳ ನೋಡು ಮಾರಾಯ." ತಲೆಯ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕದಲ್ಲಿ ನಾಲ್ಕು ಚುಕ್ಕೆ. ನನಗೆ ಕೈ ತಣ್ಣಗಾಯಿತು. ಭಾರತದಲ್ಲಿ ಅದು ಮೊದಲು ವರದಿಯಾದದ್ದು ಅಲ್ಲೇ, ಆಗಲೇ. ಆ ವಾರದ ಗುರುವಾರ ಫೋಟೊವನ್ನು ಎಲ್ಲರ ಮುಂದೆ ಇಟ್ಟೆ. ಡೆಡ್ಜಾದ ಸಹಾಯಕಿ ತಾವು ಹೊಲದಲ್ಲಿ ಬರೆದ ಟಿಪ್ಪಣಿಗಳ ಚಿತ್ರ ತೆಗೆದು ಕಳಿಸಿಕೊಟ್ಟರು. ಮೊಟ್ಟೆಯ ಗುಂಪನ್ನು ಯಾವಾಗ ಹಿಚುಕಬೇಕು, ಸುಳಿಗೆ ಮಣ್ಣು ಹಾಕಿದ ರೈತರಿಗೆ ಏನಾಯಿತು, ಎಲ್ಲ ಇತ್ತು. ಅವರು ಅಲ್ಲಿನ ಚಿಚೆವಾ ಭಾಷೆಯಲ್ಲಿ ಬರೆದದ್ದನ್ನು ಇಬ್ಬರು ಕೂತು ಇಂಗ್ಲಿಷಿಗೆ ತಂದರು. ನಾನು ರಾತ್ರಿ ಕೂತು ಕನ್ನಡಕ್ಕೆ ಮಾಡಿದೆ. ಕೊನೆಗೆ ನನ್ನದೂ ಒಂದು ಸಾಲು ಸೇರಿಸಿ ಕಳಿಸಿದೆ: "ನಷ್ಟದ ಅಂಕಿ ಯಾರಾದರೂ ಕೇಳಿದರೆ ಈಗಲೇ ಹೇಳಬೇಡ. ಕೊಯ್ಲಿನ ದಿನ ತಕ್ಕಡಿ ಹಿಡಿದು ಹೋಗು."