ಮನೆಪಾಠದ ಮಕ್ಕಳಿಗೆ ಕರ್ನಾಟಕ: ಹೊಳೆಯಿಂದ ಶುರು ಮಾಡಿ

ಮನೆಯಲ್ಲೇ ಪಾಠ ಹೇಳಿಕೊಡುವವರು ಕರ್ನಾಟಕದ ಪಾಠ ಬಂದ ಕೂಡಲೇ ಗೋಡೆಗೆ ನಕ್ಷೆ ತೂಗುಹಾಕಿ, 31 ಜಿಲ್ಲೆಗಳನ್ನು ಬಾಯಿಪಾಠ ಮಾಡಿಸಲು ಕೂರುತ್ತಾರೆ. ಎಂಟು ವರ್ಷದ ಮಗುವಿಗೆ ಅದು ಬರೀ ಹೆಸರುಗಳು. ಮಲೆನಾಡಿನಲ್ಲಿ ಇದಕ್ಕಿಂತ ಸುಲಭದ ದಾರಿಯಿದೆ. ಹೊಳೆಗಳ ಬೆನ್ನು ಹಿಡಿಯಿರಿ.

ಮೊದಲು ಅಂಗಳಕ್ಕೆ ಬನ್ನಿ. ಹಸಿ ಮಣ್ಣಿನಲ್ಲಿ ತೆಂಕಣದಿಂದ ಬಡಗಣಕ್ಕೆ ಉದ್ದನೆಯ ದಿಬ್ಬ ಮಾಡಿಸಿ. ಇದು ಪಶ್ಚಿಮ ಘಟ್ಟ. ಸೂರ್ಯ ಮುಳುಗುವ ಕಡೆ ಕಡಿದಾಗಿ, ಹುಟ್ಟುವ ಕಡೆ ನಿಧಾನವಾಗಿ ಇಳಿಯುವಂತೆ ತಟ್ಟಬೇಕು. ಸುಮ್ನೆ ಗುಡ್ಡೆ ಹಾಕಿದರೆ ಪಾಠ ಆಗುವುದಿಲ್ಲ. ಈಗ ಚೊಂಬು ಕೊಟ್ಟು ನೆತ್ತಿಯ ಮೇಲೆ ನೀರು ಹೊಯ್ಯಲು ಹೇಳಿ. ಪಡುವಣಕ್ಕೆ ಹೋದ ನೀರು ಒಂದೇ ಓಟಕ್ಕೆ ಕೆಳಗಿಳಿಯುತ್ತದೆ. ಮೂಡಣಕ್ಕೆ ಹೋದದ್ದು ಸುತ್ತಿ ಬಳಸಿ ಹೋಗುತ್ತದೆ.

ಆಮೇಲೆ ಹೆಸರಿಡಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ತೀರ್ಥಹಳ್ಳಿ ಪೇಟೆಯ ಪಕ್ಕ ಹರಿಯುವ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಹಂಪಿ ದಾಟಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಜೋಗದ ಎತ್ತರ 253 ಮೀಟರ್. 15 ಮೀಟರಿನ ಅಡಿಕೆ ಮರಗಳನ್ನು ಒಂದರ ಮೇಲೊಂದು ಎಷ್ಟು ನಿಲ್ಲಿಸಬೇಕು ಎಂದು ಕೇಳಿ. ಲೆಕ್ಕದ ಪಾಠವೂ ಆಯಿತಲ್ವಾ?

ಇತಿಹಾಸಕ್ಕೆ ಇನ್ನೊಂದು ಹೊಳೆ ಬೇಕು. ಸಾಗರದ ಕಡೆ ಹುಟ್ಟುವ ವರದೆಯ ದಂಡೆಯಲ್ಲಿ ಕದಂಬರ ರಾಜಧಾನಿ ಬನವಾಸಿ ಇದೆ. ಅವರ ಮೊದಲ ದೊರೆ ಮಯೂರಶರ್ಮನ ಕತೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲಿದೆ. ಓದಲು ಕಂಚಿಗೆ ಹೋದವನು ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಅವಮಾನ ತಾಳದೆ ಕತ್ತಿ ಹಿಡಿದ. ಮಕ್ಕಳು ಬಾಯಿ ಬಿಟ್ಟು ಕೇಳುವ ಕತೆ ಇದು. ಕಂಬ ನೋಡಿ ಬಂದ ಮೇಲೆ ಜೇಡಿಮಣ್ಣು ತಟ್ಟಿ, ಕಡ್ಡಿಯಲ್ಲಿ ತಮ್ಮದೇ ಶಾಸನ ಕೊರೆಯಲಿ. ಯಾರು, ಯಾರಿಗೆ, ಏನು ಕೊಟ್ಟರು? ಅಜ್ಜಿ ಎರಡು ಕಡುಬು ದಾನ ಕೊಟ್ಟದ್ದಾದರೂ ಸರಿ. ದಾನಶಾಸನಗಳ ಕೊನೆಗೆ, ಇದನ್ನು ಕೆಡಿಸಿದವರಿಗೆ ಪಾಪ ತಟ್ಟಲಿ ಎಂಬ ಶಾಪ ಇರುವುದುಂಟು. ಅದನ್ನು ಬರೆಯಲು ಮಕ್ಕಳಿಗೆ ಜಾಸ್ತಿ ಉತ್ಸಾಹ.

ಹಂಪಿಯಿಂದ ಕೆಳದಿಗೆ ಬರುವುದು ಸುಲಭ. ವಿಜಯನಗರದ ಸಾಮಂತರಾಗಿದ್ದ ಕೆಳದಿಯ ನಾಯಕರು 1565ರ ತಾಳಿಕೋಟೆ ಯುದ್ಧದ ಸೋಲಿನ ನಂತರ ಸ್ವತಂತ್ರರಾದರು. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ತೋರಿಸಿ, ಇಷ್ಟು ಹೇಳಿದರೆ ಸಾಕು. ರಾಜರ ಪಟ್ಟಿ ಈಗಲೇ ಬೇಡ. ರಾಜ್ಯ ಒಂದಾದದ್ದು 1956ರ ನವೆಂಬರ್ 1ರಂದು, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಇದನ್ನು ರಾಜ್ಯೋತ್ಸವದ ದಿನವೇ ಹೇಳಿ.

ಲಿಂಗನಮಕ್ಕಿಯನ್ನು ಮಾತ್ರ ಬಿಡಬೇಡಿ. ಶರಾವತಿಗೆ ಅಡ್ಡಲಾಗಿ 1964ರಲ್ಲಿ ಕಟ್ಟಿದ ಈ ಅಣೆಕಟ್ಟು ರಾಜ್ಯಕ್ಕೆ ಕರೆಂಟು ಕೊಟ್ಟಿತು, ಎಷ್ಟೋ ಊರುಗಳನ್ನು ಮುಳುಗಿಸಿತು. ಮುಳುಗಡೆಯಿಂದ ಎದ್ದು ಬಂದ ಅಜ್ಜ ಅಜ್ಜಿಯರು ನೆಂಟರಲ್ಲೋ ನೆರೆಯಲ್ಲೋ ಸಿಗುತ್ತಾರೆ. ಊರಿನ ಹೆಸರೇನು, ಮನೆ ಎಲ್ಲಿತ್ತು, ಬರುವಾಗ ಏನೇನು ತಂದಿರಿ ಎಂದು ಮಗುವೇ ಕೇಳಲಿ. ಅವರು ಹೇಳಿದ ಹಾಗೇ ಪುಸ್ತಕದಲ್ಲಿ ಬರೆದುಕೊಳ್ಳಲಿ. ಕಾಗುಣಿತದ ತಪ್ಪು ಅವತ್ತು ತಿದ್ದಬೇಡಿ.