ಶೆಟ್ಲಿ ಮರಿಗೆ ನಮ್ಮ ನೀರು ಒಗ್ಗಿಸಿದ್ದು

ಅಘನಾಶಿನಿ ಹೊಳೆ ಪಕ್ಕ ನನ್ನದೊಂದು ಸಿಗಡಿ ಕೆರೆ ಇದೆ. ಸಿಗಡಿಗೆ ನಮ್ಮ ಕಡೆ ಶೆಟ್ಲಿ ಅಂತಾರೆ. ಮೊದಲ ಸಲ ವನ್ನಾಮಿ ಮರಿ ತರಿಸಿದ್ದು ಅಕ್ಟೋಬರಿನಲ್ಲಿ. ಈ ಜಾತಿ ಅರ್ಧ ಪಿಪಿಟಿ ಉಪ್ಪಿನಿಂದ 45ರವರೆಗೂ ಬದುಕುತ್ತದೆ ಅಂತ ಓದಿದ್ದೆ. (ಲೀಟರ್ ನೀರಿಗೆ ಒಂದು ಗ್ರಾಂ ಉಪ್ಪು ಅಂದರೆ ಸುಮಾರು ಒಂದು ಪಿಪಿಟಿ.) ಅದೇ ಧೈರ್ಯದಲ್ಲಿ ಚೀಲ ಬಿಚ್ಚಿ ಸೀದಾ ಕೆರೆಗೆ ಸುರಿದೆ. ಮರುದಿನ ದಂಡೆಯುದ್ದಕ್ಕೂ ಬೆಳ್ಳಗಾದ ಮರಿಗಳು, ಅಕ್ಕಿ ನುಚ್ಚು ಚೆಲ್ಲಿದ ಹಾಗೆ.

ಪಕ್ಕದ ಗಜನಿಯಲ್ಲಿ, ಅಂದರೆ ಹೊಳೆ ದಂಡೆಯ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವ ಹಿರಿಯರು ಬಂದು ನೋಡಿದರು. "ತಮಾ, ಹೊಸ ಊರಿನ ನೀರು ನಮಗೇ ಒಗ್ಗೂದಿಲ್ಲ, ಇವಕ್ಕೆ ಒಗ್ತದಾ?"

ಚೀಲದ ನೀರು 28 ಪಿಪಿಟಿ ಇತ್ತು, ಮಳೆ ಕುಡಿದ ಕೆರೆ ಬರೀ 9. ವನ್ನಾಮಿಯ ರಕ್ತದ ಉಪ್ಪು ಹೆಚ್ಚುಕಡಿಮೆ 25 ಪಿಪಿಟಿ ನೀರಿಗೆ ಸಮ. ಸಪ್ಪೆ ನೀರಿಗೆ ಬಿದ್ದರೆ ಕಿವಿರಿನ ಮೂಲಕ ನೀರು ಒಳಗೆ ನುಗ್ಗುತ್ತದೆ, ಉಪ್ಪು ಹೊರಗೆ ಸೋರುತ್ತದೆ. ಜಾಸ್ತಿಯಾದ ನೀರನ್ನು ಮೂತ್ರ ಮಾಡಿ ಹಾಕಬಹುದು, ಆದರೆ ಆ ಮೂತ್ರವೂ ರಕ್ತದಷ್ಟೇ ಉಪ್ಪು! ಹಾಗಾಗಿ ಹೋದ ಉಪ್ಪನ್ನು ಕಿವಿರೇ ಮತ್ತೆ ನೀರಿನಿಂದ ಎಳೆದುಕೊಳ್ಳಬೇಕು. ಕಿವಿರು ಆ ಕೆಲಸಕ್ಕೆ ಸಜ್ಜಾಗಲು ಹೊತ್ತು ಬೇಕು. ನಾನು ಅದನ್ನೇ ಕೊಟ್ಟಿರಲಿಲ್ಲ.

ಮುಂದಿನ ಸಲ ಅವಸರ ಮಾಡಲಿಲ್ಲ. ಚೀಲಗಳನ್ನು ಅರ್ಧ ಗಂಟೆ ಕೆರೆಯಲ್ಲಿ ತೇಲಿಬಿಟ್ಟೆ, ಬಿಸಿ-ತಂಪು ಸಮ ಆಗಲಿ ಅಂತ. ಆಮೇಲೆ ಮರಿಗಳನ್ನು ಟ್ಯಾಂಕಿಗೆ ಬಿಟ್ಟು, ಗಾಳಿ ಹಾಕಿ, ಕೆರೆ ನೀರನ್ನು ಸಣ್ಣ ಪೈಪಿನಲ್ಲಿ ಬಿಡುತ್ತಾ ಹೋದೆ. ಗಂಟೆಗೆ ಎರಡು ಪಿಪಿಟಿ ಇಳಿದರೆ ಸಾಕು. ಕೆಲವರು ನಾಲಿಗೆಗೆ ಹಚ್ಚಿ ಉಪ್ಪು ಹೇಳ್ತಾರೆ. ನನ್ನ ನಾಲಿಗೆ ಮೇಲೆ ನನಗೆ ನಂಬಿಕೆ ಇಲ್ಲ. ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ನೀಲಿ-ಬಿಳಿ ಸೇರುವ ಗೆರೆಯಲ್ಲಿ ಅಂಕಿ ಕಾಣುತ್ತದೆ. ಸಂಜೆ ಏಳಕ್ಕೆ 28. ನಡುರಾತ್ರಿ 18. ಅಲ್ಲಿಂದ ಇನ್ನೂ ನಿಧಾನ, ಬೆಳಗಿನ ಜಾವ 9. ನಿದ್ದೆ ಇಲ್ಲ, ಸೊಳ್ಳೆ ಬೇರೆ.

ಕೆರೆಗೆ ಬಿಡುವಾಗ ನೂರು ಮರಿ ಎಣಿಸಿ ಬಲೆಚೀಲದಲ್ಲಿ ಕೆರೆಯೊಳಗೇ ಇಟ್ಟೆ. ಎರಡು ದಿನ ಬಿಟ್ಟು ಎಣಿಸಿದೆ: 93.

ಈಗ ಜೋರು ಮಳೆ ಹೊಡೆದರೆ ಟಾರ್ಚ್ ಹಿಡಿದು ತೂಬಿಗೆ ಹೋಗುತ್ತೇನೆ. ಮಳೆ ನೀರು ಹಗುರ, ಮೇಲೇ ನಿಂತಿರುತ್ತದೆ ಅಲ್ವಾ? ಮೇಲಿನ ಹಲಗೆ ಒಂದನ್ನೇ ತೆಗೆದು ಅದನ್ನು ಹೊಳೆಗೆ ಬಿಡುತ್ತೇನೆ.